ಇಂಟರ್‌ವಲ್‌ನಲ್ಲಿ ಯುದ್ಧಕ್ಕೆ ಹೋಗಿ ಬಂದ ಹುಡುಗರು!

ರಾತ್ರಿ ಹೊತ್ತು. ಸುತ್ತ ದಟ್ಟ ಕಾಡು. ನಡುವೆ ಒಂದು ಮಿಲಿಟರಿ ಕ್ಯಾಂಪು. ಜನರೇಟರ್ ಗುಡುಗುಡು ಅಂತಿದೆ. ಟಿ.ವಿ. ಮುಂದೆ ಹುಡುಗರ ದಂಡೇ ಕೂತಿದೆ. ಯಾರೂ ಕಣ್ಣು ಮಿಟುಕಿಸುತ್ತಿಲ್ಲ. ತೆರೆಯ ಮೇಲೆ ಇರೋದು ಯಾರು ಅಂದ್ಕೊಂಡ್ರಿ? ರ‍್ಯಾಂಬೋ! ಸಾಕ್ಷಾತ್ ಸಿಲ್ವೆಸ್ಟರ್ ಸ್ಟಲ್ಲೋನ್!

ಫೈಟಿಂಗ್ ಇನ್ನೇನು ಬಿಸಿ ಏರಬೇಕು, ಅಷ್ಟರಲ್ಲಿ ಮೇಲಿನವರ ಆರ್ಡರ್ ಬರುತ್ತೆ. ಸಿನಿಮಾ ನಿಲ್ಲುತ್ತೆ. ಹುಡುಗರು ಬಂದೂಕು ಎತ್ತಿಕೊಂಡು ಕತ್ತಲಲ್ಲಿ ಕರಗಿಹೋಗುತ್ತಾರೆ. ಎಷ್ಟೋ ಗಂಟೆ ಕಳೆದ ಮೇಲೆ ವಾಪಸ್ಸು ಬಂದು, ಬಿಟ್ಟ ಜಾಗದಿಂದ ಮತ್ತೆ ಸಿನಿಮಾ ನೋಡುತ್ತಾರೆ. ನಾವು ನೀವು ಇಂಟರ್‌ವಲ್‌ನಲ್ಲಿ ಒಂದು ಟೀ ಕುಡಿದು ಬಂದು ಕೂರ್ತೀವಲ್ಲ, ಹಾಗೆ!

ಆ ಹುಡುಗರು ಇಂಟರ್‌ವಲ್‌ನಲ್ಲಿ ಮಾಡಿ ಬಂದದ್ದೇನು ಗೊತ್ತೇ? ಕೊಲೆ. ಒಂದಲ್ಲ, ಎರಡಲ್ಲ.

ಇದು ಯಾವ ಕಥೆಗಾರನ ಕಲ್ಪನೆಯೂ ಅಲ್ಲ, ಚಿತ್ರರಸಿಕರೇ. ಆ ಟಿ.ವಿ. ಮುಂದೆ ಕೂತಿದ್ದ ಹುಡುಗರಲ್ಲೇ ಒಬ್ಬ ದೊಡ್ಡವನಾದ ಮೇಲೆ ಬರೆದಿಟ್ಟ ಸಂಗತಿ. ಅವನ ಹೆಸರು ಇಶ್ಮೇಲ್ ಬೇಯಾ. ಊರು ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ದೇಶದಲ್ಲಿ. 2007ರಲ್ಲಿ 'ಎ ಲಾಂಗ್ ವೇ ಗಾನ್' ಅಂತ ಪುಸ್ತಕ ಬರೆದ. ಪಿಯುಸಿ ಅರ್ಧಕ್ಕೆ ಬಿಟ್ಟು ಥಿಯೇಟರುಗಳಲ್ಲೇ ಡಿಗ್ರಿ ಮುಗಿಸಿದ ನಾನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಆ ಪುಸ್ತಕ ಓದಿದೆ. ಓದಿ ಮುಗಿಸಿದ ಮೇಲೆ ಒಂದು ವಾರ ಯಾವ ಫೈಟಿಂಗ್ ಸೀನಿಗೂ ಶಿಳ್ಳೆ ಹೊಡೆಯಲು ಬಾಯಿ ಬರಲಿಲ್ಲ.

ಜೇಬಿನಲ್ಲಿ ಕ್ಯಾಸೆಟ್ ಇಟ್ಟುಕೊಂಡ ಹುಡುಗ

ಬೇಯಾ ಹುಟ್ಟಿದ್ದು 1980ರ ನವೆಂಬರ್‌ನಲ್ಲಿ. ಅಪ್ಪ ಕೆಲಸ ಮಾಡುತ್ತಿದ್ದ ಗಣಿ ಕಂಪನಿಯ ವಿದೇಶಿಯರ ಕಾಲೊನಿಯಲ್ಲಿ ಒಂದು ದಿನ ಟಿ.ವಿ.ಯಲ್ಲಿ ಅಮೆರಿಕದ ರ‍್ಯಾಪ್ ಹಾಡು ನೋಡಿದ. ಅಷ್ಟೇ, ಹುಚ್ಚು ಹಿಡೀತು! ಅಣ್ಣ ಜೂನಿಯರ್ ಮತ್ತು ಗೆಳೆಯರ ಜೊತೆ ಸೇರಿ ತಂಡ ಕಟ್ಟಿದ. ಹಾಡಿನ ಸಾಲು ಬರೆದುಕೊಂಡು ಬಾಯಿಪಾಠ ಮಾಡೋದು, ಸ್ಟೆಪ್ ಹಾಕೋದು, ಜೇಬಿನಲ್ಲಿ ಸದಾ ಕ್ಯಾಸೆಟ್ ಇಟ್ಟುಕೊಂಡು ತಿರುಗೋದು. ನಮ್ಮೂರಿನ ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಹಾಡಬೇಕು, ಕುಣೀಬೇಕು ಅಂತ ಒದ್ದಾಡೋ ಹುಡುಗರಿಲ್ಲವೇ? ಥೇಟ್ ಅಂಥವನೇ.

1993ರ ಜನವರಿ. ಬೇಯಾಗೆ 12 ವರ್ಷ. 16 ಮೈಲಿ ದೂರದ ಮಟ್ರು ಜಾಂಗ್ ಪಟ್ಟಣದಲ್ಲಿ ಹಾಡು-ಕುಣಿತದ ಸ್ಪರ್ಧೆ ಅಂತ ಅಣ್ಣ ಮತ್ತು ಒಬ್ಬ ಗೆಳೆಯನ ಜೊತೆ ಹೊರಟ. ಬಸ್ ಚಾರ್ಜು ಉಳಿಸೋಣ ಅಂತ ನಡೆದುಕೊಂಡೇ ಹೋದರು. ನಾಳೆ ವಾಪಸ್ ಬರ್ತೀವಲ್ಲ ಅಂತ ಮನೆಯಲ್ಲಿ ಹೇಳಲೂ ಇಲ್ಲ. ಅವರು ಅತ್ತ ಹೋದರು, ಇತ್ತ ಬಂಡುಕೋರರು ಅವರ ಊರಿನ ಮೇಲೆ ಬಿದ್ದರು. ಆ ಹುಡುಗ ಮನೆಗೆ ಮರಳಲೇ ಇಲ್ಲ.

ಆಮೇಲೆ ತಿಂಗಳುಗಟ್ಟಲೆ ಕಾಡು ಸುತ್ತಾಟ. ಹಸಿವು, ಜ್ವರ, ಸುಟ್ಟ ಊರುಗಳು. ಮಧ್ಯದಲ್ಲಿ ಅಣ್ಣನೂ ಕೈತಪ್ಪಿದ. ಒಂದು ಹಳ್ಳಿಯವರಂತೂ 'ಇವರು ಬಂಡುಕೋರರ ಕಡೆಯ ಹುಡುಗರೇ ಇರಬೇಕು' ಅಂತ ಹಿಡಿದುಬಿಟ್ಟರು. ಇನ್ನೇನು ಮುಗೀತು ಅನ್ನುವಾಗ ಜೇಬಿನಿಂದ ಕ್ಯಾಸೆಟ್ ಬಿತ್ತು. ಊರ ಯಜಮಾನ ಅದನ್ನು ಹಾಕಿಸಿ ಕೇಳಿದ. ಹುಡುಗ ಆ ಹಾಡಿಗೆ ಬಾಯಿ ಆಡಿಸುತ್ತಾ ಕುಣಿದು ತೋರಿಸಿದ. 'ಇವು ಇನ್ನೂ ಮಕ್ಕಳೇ' ಅಂತ ನಂಬಿ ಬಿಟ್ಟರು! ಒಂದು ಹಾಡು ಪ್ರಾಣ ಉಳಿಸಿತು.

ನಮ್ಮ ಹಳೇ ಸಿನಿಮಾಗಳಲ್ಲಿ ಜಾತ್ರೆಯಲ್ಲಿ ಕಳೆದುಹೋದ ಅಣ್ಣತಮ್ಮಂದಿರು ಕ್ಲೈಮ್ಯಾಕ್ಸ್‌ನಲ್ಲಿ ಒಂದೇ ಹಾಡು ಹಾಡಿ ಒಂದಾಗುತ್ತಾರೆ. ಅಮ್ಮ ಬಂದು ತಬ್ಬಿಕೊಳ್ಳುತ್ತಾಳೆ. ನಾವು ಕಣ್ಣೊರೆಸಿಕೊಳ್ಳುತ್ತೇವೆ. ಬೇಯಾಗೂ ಅಂಥ ಒಂದು ಸೀನು ಕಾದಿತ್ತು. ಅಪ್ಪ-ಅಮ್ಮ ಒಂದು ಹಳ್ಳಿಯಲ್ಲಿ ಇದ್ದಾರೆ ಅನ್ನೋ ಸುದ್ದಿ ಸಿಕ್ಕಿತು. ಓಡೋಡಿ ಹೊರಟ. ಹಳ್ಳಿಗೆ ಇನ್ನು ಒಂದು ಗುಡ್ಡ ಇಳಿಯುವಷ್ಟು ದಾರಿ. ದಾರಿಯಲ್ಲಿ ಸಿಕ್ಕ ಪರಿಚಯದವನು 'ಸ್ವಲ್ಪ ಕೂತು ಹೋಗೋಣ' ಅಂದ. ಕೂತರು. ಅಷ್ಟರಲ್ಲಿ ಕೆಳಗೆ ಗುಂಡಿನ ಸದ್ದು! ಇವನು ಇಳಿದು ಹೋಗುವಷ್ಟರಲ್ಲಿ ಹಳ್ಳಿ ಹೊತ್ತಿ ಉರಿಯುತ್ತಿತ್ತು.

ಕ್ಲೈಮ್ಯಾಕ್ಸ್‌ಗೆ ಐದು ನಿಮಿಷ ತಡವಾಯಿತು. ಅಷ್ಟೇ. ತಬ್ಬಿಕೊಳ್ಳೋಕೆ ಯಾರೂ ಉಳಿದಿರಲಿಲ್ಲ.

ಕ್ಯಾಸೆಟ್ ಸುಟ್ಟಿತು, ಬಂದೂಕು ಬಂತು

ಕೊನೆಗೆ ಹುಡುಗರು ಬಂದು ಸೇರಿದ್ದು ಯೆಲೆ ಅನ್ನೋ ಊರಿಗೆ. ಅಲ್ಲಿ ಸರ್ಕಾರಿ ಸೈನ್ಯದ ಕಾವಲಿತ್ತು. ಅಬ್ಬಾ, ಬದುಕಿದೆವು ಅಂದುಕೊಂಡರು. ಆದರೆ ಸೈನ್ಯಕ್ಕೆ ಆಳು ಕಮ್ಮಿಯಾದಾಗ ಆಫೀಸರು ಹೇಳಿದ್ದು ಒಂದೇ ಮಾತು. ಬಂದೂಕು ಹಿಡಿಯೋದಾದರೆ ಇಲ್ಲಿರಿ, ಇಲ್ಲದಿದ್ದರೆ ಊರು ಬಿಡಿ. ಹೊರಗೆ ಬಂಡುಕೋರರು, ಒಳಗೆ ಬಂದೂಕು. ಹದಿಮೂರು ವರ್ಷದ ಹುಡುಗ ಯಾವುದನ್ನು ಆರಿಸಿಕೊಳ್ಳಬೇಕು ಹೇಳಿ?

ಇಲ್ಲಿ ಒಂದು ಮಾತು ಗಮನಿಸಬೇಕು. ಮಕ್ಕಳ ಕೈಗೆ ಬಂದೂಕು ಕೊಟ್ಟವರು ಬಂಡುಕೋರರು ಮಾತ್ರ ಅಲ್ಲ. ಬೇಯಾ ಕೈಗೆ ಕೊಟ್ಟದ್ದು ಸರ್ಕಾರದ ಸೈನ್ಯ! ಹೀರೋ ಪಾರ್ಟಿ, ವಿಲನ್ ಪಾರ್ಟಿ ಎರಡೂ ಕಡೆ ಇದೇ ಕಥೆ.

ಹೊಸ ಚಡ್ಡಿ, ಬೂಟು ಕೊಟ್ಟರು. ಹಳೇ ಬಟ್ಟೆಯನ್ನೆಲ್ಲ ಬೆಂಕಿಗೆ ಹಾಕಿದರು. ಹಳೇ ಪ್ಯಾಂಟಿನ ಜೇಬಿನಲ್ಲಿ ಕ್ಯಾಸೆಟ್ ಇದೆ ಅಂತ ನೆನಪಾಗಿ ಹುಡುಗ ಓಡಿದ. ಅಷ್ಟರಲ್ಲಿ ಅದು ಕರಗುತ್ತಿತ್ತು. ಇಡೀ ಪುಸ್ತಕದಲ್ಲಿ ನನ್ನ ಹೊಟ್ಟೆ ಕಿವುಚಿದ್ದು ಈ ಜಾಗ. ರಕ್ತ ಇಲ್ಲ, ಗುಂಡು ಇಲ್ಲ. ಒಂದು ಕ್ಯಾಸೆಟ್ ಕರಗುತ್ತೆ, ಅದರ ಜೊತೆ ಒಬ್ಬ ಹುಡುಗನ ಬಾಲ್ಯವೂ.

ಅವನ ಗುಂಪಿನಲ್ಲಿ 11 ವರ್ಷದವನೊಬ್ಬ, 7 ವರ್ಷದವನೊಬ್ಬ ಇದ್ದರು. ಬಂದೂಕು ಅವರಿಗೆ ಬಲು ಭಾರ. ಹೊರಲಾರದೆ ನೆಲದ ಮೇಲೆ ಎಳೆದುಕೊಂಡು ಹೋಗುತ್ತಿದ್ದರು. ಏಕೆ-47 ಬಂದೂಕು ಸುಮಾರು 4 ಕೆಜಿ ತೂಗುತ್ತೆ. ಬಿಚ್ಚಿ ಜೋಡಿಸೋದು ಸುಲಭ, ಕೆಡೋದು ಕಮ್ಮಿ, ಕುದುರೆ ಎಳೆಯೋಕೆ ಬಲ ಬೇಕಿಲ್ಲ. ಮಕ್ಕಳನ್ನು ಸೈನಿಕರನ್ನಾಗಿ ಮಾಡಲು ಅನುಕೂಲವಾಗಿದ್ದೇ ಇದು. ಇನ್ನು ಮಕ್ಕಳೇ ಯಾಕೆ ಅಂದರೆ? ಸಂಬಳ ಕೇಳಲ್ಲ, ಎದುರು ಮಾತಾಡಲ್ಲ, ಸಾವು ಅಂದರೇನು ಅಂತ ಸರಿಯಾಗಿ ಗೊತ್ತಿರಲ್ಲ. ಮನೆಮಠ ಹೋದ ಮಗುವಿಗೆ ಅನ್ನ ಹಾಕಿದವನೇ ಅಪ್ಪ.

ಮೇಲಿಂದ ಮಾದಕ ಮದ್ದು. ಬಿಳಿ ಮಾತ್ರೆ, ಗಾಂಜಾ, ಜೊತೆಗೆ ಕೊಕೇನಿಗೆ ಬಂದೂಕಿನ ಮದ್ದು ಬೆರೆಸಿದ 'ಬ್ರೌನ್ ಬ್ರೌನ್' ಅನ್ನೋ ಪುಡಿ. ಅದು ಒಳಗೆ ಹೋದರೆ ನಿದ್ದೆ ಇಲ್ಲ, ಭಯ ಇಲ್ಲ, ಕನಿಕರ ಇಲ್ಲ. 'ನಿನ್ನ ಅಪ್ಪ-ಅಮ್ಮನ್ನ ಕೊಂದವರು ಅವರೇ' ಅಂತ ಕಿವಿಯಲ್ಲಿ ಊದೋದು ಒಂದು ಕಡೆ. ಮತ್ತೊಂದು ಕಡೆ, ರಾತ್ರಿ ಆದರೆ ಸಿನಿಮಾ!

ಅಳುವ ರ‍್ಯಾಂಬೋ ಯಾರಿಗೂ ಬೇಡವಾದ

ಸುಳ್ಳು ಯಾಕೆ ಹೇಳಲಿ, ನಾನೂ ರ‍್ಯಾಂಬೋ ಭಕ್ತನೇ. ಅಕ್ಕನ ಮಗನಿಗೆ ಜಾತ್ರೆಯಲ್ಲಿ ಪ್ಲಾಸ್ಟಿಕ್ ಬಂದೂಕು ಕೊಡಿಸಿದವನೂ ನಾನೇ. ಅವನಿಗೂ ಈಗ ಸರಿಯಾಗಿ 12.

ಆ ಕಾಡಿನ ಹುಡುಗರಿಗೆ ರ‍್ಯಾಂಬೋ ಬರೀ ಹೀರೋ ಅಲ್ಲ, ಮೇಷ್ಟ್ರು. ಅವನು ಪೊದೆಯಲ್ಲಿ ಹೇಗೆ ಅಡಗುತ್ತಾನೆ, ಹೇಗೆ ಹಿಂದಿನಿಂದ ಬೀಳುತ್ತಾನೆ ಅಂತ ನೋಡಿ, ಮಾರನೇ ದಿನ ತಾವೂ ಹಾಗೇ ಮಾಡಬೇಕು ಅನ್ನೋ ತವಕ. ಬಂಡುಕೋರರ ಕಡೆಯೂ ಇದೇ ಹುಚ್ಚು. ಅವರ ಕಮಾಂಡರುಗಳು ಇಟ್ಟುಕೊಂಡ ಅಡ್ಡಹೆಸರು ಕೇಳಿ: ಒಬ್ಬ 'ಸೂಪರ್‌ಮ್ಯಾನ್', ಮತ್ತೊಬ್ಬ 'ರ‍್ಯಾಂಬೋ', ಇನ್ನೊಬ್ಬ 'ಮಸ್ಕಿಟೊ', ಅಂದರೆ ಸೊಳ್ಳೆ! 'ವೆಸ್ಟ್ ಸೈಡ್ ಬಾಯ್ಸ್' ಅನ್ನೋ ಗುಂಪಂತೂ ಅಮೆರಿಕದ ರ‍್ಯಾಪ್ ಹಾಡುಗಳ ಗುಂಗಿನಲ್ಲೇ ಹೆಸರಿಟ್ಟುಕೊಂಡಿತ್ತು.

ಪಾಲ್ ರಿಚರ್ಡ್ಸ್ ಅಂತ ಒಬ್ಬ ಇಂಗ್ಲಿಷ್ ವಿದ್ವಾಂಸ, ಆ ದೇಶದ ಹಳ್ಳಿಗಳನ್ನು ವರ್ಷಗಟ್ಟಲೆ ಕಂಡವನು, 1996ರಲ್ಲಿ ಈ ಯುದ್ಧದ ಬಗ್ಗೆ ಪುಸ್ತಕ ಬರೆದ. ಅಲ್ಲಿನ ಯುವಕರಿಗೆ ರ‍್ಯಾಂಬೋ ಯಾಕೆ ಅಷ್ಟು ಹಿಡಿಸಿದ ಅಂತ ಅದರಲ್ಲಿ ವಿವರಿಸುತ್ತಾನೆ. ಪಟ್ಟಣದಿಂದ ದಬ್ಬಿಸಿಕೊಂಡವನು, ಅಧಿಕಾರಿಗಳಿಂದ ಅವಮಾನ ಪಟ್ಟವನು, ಕಾಡಿಗೆ ಹೋಗಿ ಬುದ್ಧಿ ಉಪಯೋಗಿಸಿ ಗೆಲ್ಲುವವನು. ಓದು ನಿಂತುಹೋಗಿ, ಕೆಲಸ ಸಿಗದೆ, ಯಾರಿಗೂ ಬೇಡವಾಗಿದ್ದ ಹುಡುಗರಿಗೆ ಅವನಲ್ಲಿ ತಮ್ಮದೇ ಮುಖ ಕಂಡಿತು. ಈ ಮಾತು ಓದಿದಾಗ ನನಗೂ ಒಳಗೆ ಚುರ್ ಅಂದಿತು. ಕಾಲೇಜು ಬಿಟ್ಟು ಅಲೆಯುತ್ತಿದ್ದ ದಿನಗಳಲ್ಲಿ ನಾನೂ ಪರದೆಯ ಮೇಲೆ ಹುಡುಕುತ್ತಿದ್ದದ್ದು ಅಂಥವನನ್ನೇ ಅಲ್ಲವೇ?

ಈಗ ಮುಖ್ಯ ವಿಷಯಕ್ಕೆ ಬನ್ನಿ. 1982ರ ಮೊದಲ ರ‍್ಯಾಂಬೋ ಚಿತ್ರ 'ಫಸ್ಟ್ ಬ್ಲಡ್' ಪೂರ್ತಿ ನೋಡಿದ್ದೀರಾ? ಅದರಲ್ಲಿ ಅವನು ದೇಶ ಗೆಲ್ಲಿಸೋ ವೀರ ಅಲ್ಲ. ವಿಯೆಟ್ನಾಂ ಯುದ್ಧ ಮುಗಿಸಿ ಬಂದು ಸ್ನೇಹಿತನನ್ನು ಹುಡುಕಿಕೊಂಡು ಹೋಗುವ ಬಡಪಾಯಿ. ಸ್ನೇಹಿತ ಆಗಲೇ ಕ್ಯಾನ್ಸರ್‌ನಿಂದ ಸತ್ತಿರುತ್ತಾನೆ. ಊರಿನ ಪೊಲೀಸರು ಅಲೆಮಾರಿ ಅಂತ ಹಿಡಿದು ಹಿಂಸೆ ಕೊಡುತ್ತಾರೆ. ಅವನು ಕಾಡಿಗೆ ಓಡುತ್ತಾನೆ. ಇಷ್ಟೆಲ್ಲಾ ಗಲಾಟೆಯ ಚಿತ್ರದಲ್ಲಿ ಸಾಯುವವನು ಒಬ್ಬನೇ ಒಬ್ಬ! ಕೊನೆಗೆ ರ‍್ಯಾಂಬೋ ಗೆದ್ದು ನಗುವುದಿಲ್ಲ. ತನ್ನ ಹಳೇ ಕರ್ನಲ್ ಎದುರು ಕುಸಿದು ಕೂತು, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅಳುತ್ತಾನೆ. ಕೈಯಲ್ಲೇ ಸತ್ತ ಗೆಳೆಯನನ್ನು ಮರೆಯಲಾಗದೆ, ಊರಿಗೆ ಬಂದರೆ ಕಾರು ನಿಲ್ಲಿಸೋ ಕೆಲಸವೂ ಸಿಗದೆ ಅಳುತ್ತಾನೆ. ಆಮೇಲೆ ಶರಣಾಗುತ್ತಾನೆ.

ಯುದ್ಧಕ್ಕೆ ಹೋದವನ ಗತಿ ಇದು ಅಂತ ಸಿನಿಮಾ ಕೂಗಿ ಹೇಳಿದೆ. ಆದರೆ ಆ ಕಾಡಿನ ಕಮಾಂಡರುಗಳಿಗೆ ಬೇಕಾಗಿದ್ದದ್ದು ಫೈಟಿಂಗ್ ಮಾತ್ರ. ಅಳುವ ರ‍್ಯಾಂಬೋ ಯಾರಿಗೂ ಬೇಕಾಗಿರಲಿಲ್ಲ.

ದೇಶದ ಕಥೆ ಒಂದಿಷ್ಟು

ಸಿಯೆರಾ ಲಿಯೋನ್ 1961ರಲ್ಲಿ ಬ್ರಿಟಿಷರಿಂದ ಸ್ವಾತಂತ್ರ್ಯ ಪಡೆಯಿತು. ನೆಲದಲ್ಲಿ ವಜ್ರ ಸಿಗುತ್ತೆ. ಆದರೆ ದುಡ್ಡು ದೊಡ್ಡವರ ಜೇಬು ಸೇರಿತು. ಶಾಲೆ ಸೊರಗಿದವು, ಹುಡುಗರು ಬೀದಿಗೆ ಬಿದ್ದರು. 1991ರ ಮಾರ್ಚ್‌ನಲ್ಲಿ ಫೋಡೆ ಸಂಕೋ ಅನ್ನೋ ಮಾಜಿ ಕಾರ್ಪೊರಲ್‌ನ 'ರೆವಲ್ಯೂಷನರಿ ಯುನೈಟೆಡ್ ಫ್ರಂಟ್' ಪಕ್ಕದ ಲೈಬೀರಿಯಾದಿಂದ ನುಗ್ಗಿತು. ಬೆನ್ನಿಗೆ ನಿಂತವನು ಲೈಬೀರಿಯಾದ ಚಾರ್ಲ್ಸ್ ಟೇಲರ್. ಬಡವರ ಪರ ಅಂತ ಬಂದವರು ಬಡವರದೇ ಕೈಕಾಲು ಕತ್ತರಿಸಿದರು. ಚಿಕ್ಕ ಹುಡುಗರಿಗಂತಲೇ 'ಸ್ಮಾಲ್ ಬಾಯ್ಸ್ ಯೂನಿಟ್' ಕಟ್ಟಿದರು. ಹೆಣ್ಣುಮಕ್ಕಳನ್ನು ಹೊತ್ತೊಯ್ದು ಬಲವಂತವಾಗಿ 'ಹೆಂಡತಿ' ಮಾಡಿಕೊಂಡರು. ಅವರ ಗೋಳು ಹುಡುಗರದ್ದಕ್ಕಿಂತ ಒಂದು ಕೈ ಹೆಚ್ಚೇ.

2002ರ ಜನವರಿಯಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಸತ್ತವರು ಸುಮಾರು 50 ಸಾವಿರ ಎಂದು ಅಂದಾಜು. ಬಂದೂಕು ಒಪ್ಪಿಸಿದವರಲ್ಲಿ ಮಕ್ಕಳೇ 6,800ಕ್ಕೂ ಹೆಚ್ಚು.

ನಮ್ಮ ಜವಾನರೂ ಅಲ್ಲಿಗೆ ಹೋಗಿದ್ದರು. ವಿಶ್ವಸಂಸ್ಥೆಯ ಶಾಂತಿಪಡೆಯ ಮೊದಲ ದಂಡನಾಯಕ ನಮ್ಮವರೇ, ಮೇಜರ್ ಜನರಲ್ ವಿಜಯ್ ಕುಮಾರ್ ಜೇಟ್ಲಿ. 2000ದ ಮೇ ತಿಂಗಳಲ್ಲಿ ಕೈಲಾಹುನ್ ಎಂಬಲ್ಲಿ ಇನ್ನೂರಕ್ಕೂ ಹೆಚ್ಚು ಭಾರತೀಯ ಯೋಧರನ್ನು ಬಂಡುಕೋರರು ಸುತ್ತುವರಿದರು. ಎರಡು ತಿಂಗಳಿಗೂ ಮಿಕ್ಕಿ ಅವರು ಹಾಗೇ ಇದ್ದರು. ಜುಲೈನಲ್ಲಿ 'ಆಪರೇಷನ್ ಖುಕ್ರಿ' ನಡೆಸಿ ಅವರನ್ನು ಬಿಡಿಸಿಕೊಂಡು ಬರಲಾಯಿತು. ಬಂದೂಕು ಹಿಡಿದು ಎದುರು ನಿಲ್ಲುವವನು ಮೀಸೆ ಮೂಡದ ಹುಡುಗನಾದರೆ ಯೋಧನಾದವನು ಏನು ಮಾಡಬೇಕು? ಯೋಚಿಸಿ ನೋಡಿ.

ಯುದ್ಧ ಮುಗಿದ ಮೇಲೆ ವಿಶೇಷ ನ್ಯಾಯಾಲಯ ಕೂತಿತು. 15 ವಯಸ್ಸು ದಾಟಿದವರ ಮೇಲೆ ಕೇಸು ಹಾಕಲು ಕಾನೂನಿನಲ್ಲಿ ಅವಕಾಶ ಇತ್ತು. ಆದರೂ ಪ್ರಾಸಿಕ್ಯೂಟರ್ ಡೇವಿಡ್ ಕ್ರೇನ್, ಮಕ್ಕಳ ಮೇಲೆ ಕೇಸು ಹಾಕೋದಿಲ್ಲ ಅಂತ ಘೋಷಿಸಿದರು. ಕೇಸು ಬಿದ್ದದ್ದು ಮಕ್ಕಳ ಕೈಗೆ ಬಂದೂಕು ಕೊಟ್ಟವರ ಮೇಲೆ. 2007ರ ಜೂನ್‌ನಲ್ಲಿ ಮೂವರಿಗೆ ಶಿಕ್ಷೆ ಖಾತ್ರಿಯಾಯಿತು. ಮಕ್ಕಳನ್ನು ಯುದ್ಧಕ್ಕೆ ಇಳಿಸಿದ್ದಕ್ಕೆ ಅಂತರರಾಷ್ಟ್ರೀಯ ನ್ಯಾಯಾಲಯವೊಂದು ಅಪರಾಧಿ ಅಂದದ್ದು ಅದೇ ಮೊದಲು. ಸಂಕೋ 2003ರಲ್ಲೇ ಬಂಧನದಲ್ಲಿ ಸತ್ತಿದ್ದ. ಟೇಲರ್‌ಗೆ 2012ರಲ್ಲಿ 50 ವರ್ಷ ಜೈಲು.

ಮತ್ತೆ ಬಂದ ಕ್ಯಾಸೆಟ್

ಬೇಯಾನನ್ನು 1996ರಲ್ಲಿ ಯುನಿಸೆಫ್‌ನವರು ಕರೆದುಕೊಂಡು ಹೋಗಿ ರಾಜಧಾನಿ ಫ್ರೀಟೌನ್‌ನ ಪುನರ್ವಸತಿ ಕೇಂದ್ರಕ್ಕೆ ಸೇರಿಸಿದರು. ಅವನಿಗೆ ಕೃತಜ್ಞತೆ ಬಂತೇ? ಇಲ್ಲ ಸ್ವಾಮಿ, ಸಿಟ್ಟು ಬಂತು! ಬಂದೂಕು ಕಿತ್ತುಕೊಂಡರಲ್ಲ ಅಂತ. ಮದ್ದು ಸಿಗದೆ ಮೈ ನಡುಗುತ್ತಿತ್ತು. ಆ ಹುಡುಗರು ಊಟ ಹಾಕುವವರನ್ನೇ ಹೊಡೆದರು. ನೋಟ್‌ಬುಕ್ ಕೊಟ್ಟರೆ ಬೆಂಕಿ ಹಾಕಿದರು. ಕೇಂದ್ರದವರು ಮತ್ತೆ ನೋಟ್‌ಬುಕ್ ಕೊಟ್ಟರು. ಎಷ್ಟೇ ಏಟು ತಿಂದರೂ ಅವರು ಹೇಳುತ್ತಿದ್ದದ್ದು ಒಂದೇ: ಇದರಲ್ಲಿ ನಿಮ್ಮ ತಪ್ಪಿಲ್ಲ. ಹುಡುಗರಿಗೆ ಆ ಮಾತು ಕೇಳಿದರೇ ಉರಿಯುತ್ತಿತ್ತು.

ರಾತ್ರಿ ನಿದ್ದೆಯಿಲ್ಲ, ತಲೆ ಸಿಡಿಯುತ್ತೆ. ನಲ್ಲಿ ತಿರುಗಿಸಿದರೆ ನೀರಿನ ಬದಲು ರಕ್ತ ಸುರಿದ ಹಾಗೆ ಕಾಣುತ್ತೆ. ಅಂಥವನನ್ನು ಮಾತಿಗೆಳೆದದ್ದು ಅಲ್ಲಿನ ಒಬ್ಬ ನರ್ಸಮ್ಮ. ಅವರು ಪ್ರವಚನ ಕೊಡಲಿಲ್ಲ. ಒಂದು ವಾಕ್‌ಮನ್, ಒಂದು ರ‍್ಯಾಪ್ ಕ್ಯಾಸೆಟ್ ತಂದುಕೊಟ್ಟರು! ಬೆಂಕಿಯಲ್ಲಿ ಕರಗಿದ್ದ ಹಾಡು ಮತ್ತೆ ಕಿವಿಗೆ ಬಿತ್ತು. ಹುಡುಗ ನಿಧಾನಕ್ಕೆ ಬಾಯಿ ಬಿಟ್ಟ.

ಮುಂದೆ ಅವನು ಚಿಕ್ಕಪ್ಪನ ಮನೆ ಸೇರಿದ. 1997ರಲ್ಲಿ ಮಿಲಿಟರಿ ದಂಗೆ ಎದ್ದು ಅಲ್ಲಿಂದಲೂ ಓಡಬೇಕಾಯಿತು. ಕೊನೆಗೆ ನ್ಯೂಯಾರ್ಕ್ ಸೇರಿ, ಕಾಲೇಜು ಮುಗಿಸಿ, ಬರಹಗಾರನಾದ. 2008ರಲ್ಲಿ ಆಸ್ಟ್ರೇಲಿಯಾದ ಒಂದು ಪತ್ರಿಕೆ ಅವನ ಪುಸ್ತಕದ ಇಸವಿಗಳು ಹೊಂದುವುದಿಲ್ಲ ಅಂತ ತಕರಾರು ತೆಗೆಯಿತು. ತಾನು ಬರೆದದ್ದು ನಿಜ ಅಂತಲೇ ಬೇಯಾ ಗಟ್ಟಿಯಾಗಿ ನಿಂತ. ಇಸವಿ ಲೆಕ್ಕ ಏನೇ ಇರಲಿ, ಆ ದೇಶದಲ್ಲಿ ಮಕ್ಕಳು ಬಂದೂಕು ಹಿಡಿದದ್ದಕ್ಕೆ ನ್ಯಾಯಾಲಯದ ದಾಖಲೆಯೇ ಸಾಕ್ಷಿ.

ಬೆಳ್ಳಿತೆರೆಯ ಪ್ರಾಯಶ್ಚಿತ್ತ

ಯುದ್ಧಕ್ಕೆ ಮೇಷ್ಟ್ರಾದ ಸಿನಿಮಾನೇ ಆಮೇಲೆ ಈ ಮಕ್ಕಳ ಕಡೆ ಕ್ಯಾಮೆರಾ ತಿರುಗಿಸಿತು. 2006ರ 'ಬ್ಲಡ್ ಡೈಮಂಡ್' ನೀವು ನೋಡಿರಬಹುದು. ಡಿಕ್ಯಾಪ್ರಿಯೋ ಗಲಾಟೆಯ ನಡುವೆ, ಬಂಡುಕೋರರು ಎಳೆದೊಯ್ದ ಮಗನ ಮುಂದೆ ನಿಂತ ಜಿಮಾನ್ ಹೌನ್ಸು ಅವನನ್ನು ಮತ್ತೆ ಮಗನಾಗಿ ಕರೆಯುವ ದೃಶ್ಯ ಮರೆಯಬೇಡಿ. ನೈಜೀರಿಯಾದ ನ್ಯೂಟನ್ ಅಡುವಾಕನ 'ಎಜ್ರಾ' 2007ರಲ್ಲಿ ಆಫ್ರಿಕಾದ ದೊಡ್ಡ ಚಿತ್ರೋತ್ಸವ ಫೆಸ್ಪಾಕೋದಲ್ಲಿ ಮೊದಲ ಬಹುಮಾನ ಹೊಡೆಯಿತು. 2008ರ 'ಜಾನಿ ಮ್ಯಾಡ್ ಡಾಗ್' ಚಿತ್ರವನ್ನು ಲೈಬೀರಿಯಾದಲ್ಲೇ, ನಿಜವಾಗಿ ಬಂದೂಕು ಹಿಡಿದಿದ್ದ ಹುಡುಗರನ್ನೇ ಹಾಕಿಕೊಂಡು ತೆಗೆದರು. 2015ರ 'ಬೀಸ್ಟ್ಸ್ ಆಫ್ ನೋ ನೇಷನ್'ನಲ್ಲಿ ಇದ್ರಿಸ್ ಎಲ್ಬಾ ಕಮಾಂಡರ್ ಪಾತ್ರದಲ್ಲಿ ಮೈ ನಡುಗಿಸುತ್ತಾನೆ. ಆದರೆ ಚಿತ್ರ ಹೊತ್ತು ನಿಂತದ್ದು ಕ್ಯಾಮೆರಾ ಮುಂದೆ ಎಂದೂ ನಿಂತಿರದ ಘಾನಾದ ಹುಡುಗ ಏಬ್ರಹಾಂ ಅಟ್ಟಾ. ವೆನಿಸ್ ಚಿತ್ರೋತ್ಸವದಲ್ಲಿ ಹೊಸ ನಟರಿಗೆ ಕೊಡುವ ಪ್ರಶಸ್ತಿ ಅವನ ಪಾಲಾಯಿತು.

ಈ ಚಿತ್ರಗಳಲ್ಲಿ ಗುಂಡಿನ ಸದ್ದು ಬೇಕಾದಷ್ಟಿದೆ. ಶಿಳ್ಳೆ ಹೊಡೆಯೋಕೆ ಮಾತ್ರ ಒಂದು ಜಾಗವೂ ಸಿಗಲ್ಲ.

ಹಾಗಂತ ಫೈಟಿಂಗ್ ಪಿಕ್ಚರ್ ನೋಡಬೇಡಿ ಅಂತ ಹೇಳುವಷ್ಟು ದೊಡ್ಡ ಮನುಷ್ಯ ನಾನಲ್ಲ. ಮುಂದಿನ ಶುಕ್ರವಾರ ಮೊದಲ ಆಟಕ್ಕೆ ಕ್ಯೂನಲ್ಲಿ ನಾನೂ ಸಿಗ್ತೀನಿ. ರ‍್ಯಾಂಬೋ ನೋಡಿದವರೆಲ್ಲ ಕೊಲೆಗಾರರಾಗಲ್ಲ. ಆ ಮಕ್ಕಳನ್ನು ಕೆಡಿಸಿದ್ದು ಸಿನಿಮಾ ಒಂದೇ ಅಲ್ಲ. ಹಸಿವು, ಮದ್ದು, ಅಪ್ಪ-ಅಮ್ಮ ಇಲ್ಲದ ಒಂಟಿತನ, ಇದೆಲ್ಲ ಬಳಸಿಕೊಂಡ ದೊಡ್ಡವರು. ಸಿನಿಮಾ ಅವರ ಕೈಯಲ್ಲಿ ಇನ್ನೊಂದು ಮದ್ದಾಯಿತು, ಅಷ್ಟೇ.

ಕೇಳೋದು ಒಂದೇ. ಕೊನೇ ಬಸ್ಸು ತಪ್ಪುತ್ತೆ ಅಂತ ನಾವು ಕ್ಲೈಮ್ಯಾಕ್ಸ್ ಫೈಟ್ ಮುಗಿದ ತಕ್ಷಣ ಎದ್ದು ಓಡ್ತೀವಲ್ಲ? 'ಫಸ್ಟ್ ಬ್ಲಡ್' ಮತ್ತೆ ಎಲ್ಲಾದರೂ ಸಿಕ್ಕರೆ ಹಾಗೆ ಎದ್ದು ಬರಬೇಡಿ. ಆ ಕೊನೆಯ ಕೆಲವು ನಿಮಿಷ ಕೂತು ನೋಡಿ. ಹೋದ ಭಾನುವಾರ ಅಕ್ಕನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನು ನೋಡಿದೆ. ರ‍್ಯಾಂಬೋ ಅಳೋಕೆ ಶುರು ಮಾಡಿದ ಕೂಡಲೇ ಹುಡುಗ ನನ್ನ ಕಡೆ ತಿರುಗಿ ಕೇಳಿದ: "ಮಾಮ, ಇವ್ನು ಗೆದ್ದ ಅಲ್ವಾ? ಮತ್ತೆ ಯಾಕೆ ಅಳ್ತಾನೆ?"

ನಾನು ಟಿ.ವಿ. ಆರಿಸಿ, ಆ ಕ್ಯಾಸೆಟ್ ಹುಡುಗನ ಕಥೆ ಹೇಳೋಕೆ ಶುರು ಮಾಡಿದೆ.